ಫ್ರೀವೀಲ್ ವೆಲ್ಡಿಂಗ್ ಮಾಡಿಸಿ ಫಿಕ್ಸೆಡ್ ಗೇರ್: ಅಗ್ಗವೇನೋ ಹೌದು

ಟ್ರ್ಯಾಕ್ ಸೈಕಲಿಂಗ್‌ಗೆ (ಅಂಡಾಕಾರದ ಟ್ರ್ಯಾಕ್ ಮೇಲಿನ ಸೈಕಲ್ ರೇಸ್) ಕಾಲು ಪಳಗಿಸಬೇಕು, ಕೈಯಲ್ಲಿ ದುಡ್ಡಿಲ್ಲ. ಇಂಥ ಹುಡುಗರು ವಿಜಯಪುರ, ಬಾಗಲಕೋಟೆಯಲ್ಲಿ ಕಮ್ಮಿಯಿಲ್ಲ. ಅವರಿಗೆ ಸಿಗುವ ಅತಿ ಅಗ್ಗದ ದಾರಿ ಎಂದರೆ ಮನೆಯ ಹಳೆ ಸೈಕಲ್ಲಿನ ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಗಾಲಿ ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರ) ಬಿಚ್ಚಿ ವೆಲ್ಡಿಂಗ್ ಮಾಡಿಸುವುದು. ಆಗ ಸೈಕಲ್ ಟ್ರ್ಯಾಕ್ ಸೈಕಲ್ಲಿನಂತೆ ಫಿಕ್ಸೆಡ್ ಗೇರ್ ಆಗುತ್ತದೆ, ಅಂದರೆ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಐದಕ್ಕೆ ಎರಡೂವರೆ ಅಂಕ ಕೊಡಬಹುದು, ಅದೂ ಕೆಲಸ ನೆಟ್ಟಗಾದರೆ.

ಗಾಲಿಯಲ್ಲೇ ಇಟ್ಟು ವೆಲ್ಡ್ ಹೊಡೆಯಲು ಬಿಡಬೇಡಿ. ಹಬ್‌ನ (ಗಾಲಿಯ ನಡುಭಾಗ) ಗ್ರೀಸ್ ಕರಗುತ್ತದೆ, ಹಬ್ಬೂ ಫ್ರೀವೀಲೂ ಒಂದಾಗಿ ಅಂಟಿದರೆ ಗಾಲಿ ಗುಜರಿಗೇ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ. ಒಳಗೆ ಎಣ್ಣೆ ಉಳಿದರೆ ವೆಲ್ಡ್ ತೂತುತೂತಾಗುತ್ತದೆ. ಹಲ್ಲಿನ ಬಳೆಗೂ ಒಳಭಾಗಕ್ಕೂ ನಡುವೆ ಸ್ವಲ್ಪ ಆಟ ಇರುತ್ತದೆ. ಹಾಗೇ ಟಾಕಾ (ಚಿಕ್ಕ ವೆಲ್ಡ್) ಹಾಕಿದರೆ ಬಳೆ ಓರೆಯಾಗಿ ಕೂತು, ಒಂದೇ ಸುತ್ತಿನಲ್ಲಿ ಚೈನ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಸಂದಿಯಲ್ಲಿ ಮೂರು ಕಡೆ ತೆಳು ತಗಡಿನ ಚೂರು ಸಿಗಿಸಿ ಬಳೆಯನ್ನು ನಡುವಿಗೆ ತಂದು, ಎದುರುಬದುರು ನಾಲ್ಕು ಟಾಕಾ ಹಾಕಿಸಿ. ಫ್ರೀವೀಲ್ ಬಿಚ್ಚುವ ಉಪಕರಣ ಕೂರುವ ಖಾಚು ತುಂಬದಂತೆ ನಿಂತು ನೋಡಿ. ವೆಲ್ಡರನಿಗೆ ಅದರ ಚಿಂತೆ ಇರುವುದಿಲ್ಲ.

ಅಸಲಿ ತೊಂದರೆ ಹಬ್‌ನದು. ಸಾದಾ ಹಬ್‌ನ ಥ್ರೆಡ್ 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಮುಂದೆ ತುಳಿದಂತೆ ಬಿಗಿಯುತ್ತದೆ. ಫಿಕ್ಸೆಡ್ ಗೇರಿನಲ್ಲಿ ವೇಗ ಇಳಿಸಲು ಪೆಡಲ್ ಹಿಂದಕ್ಕೆ ಒತ್ತುತ್ತೇವಲ್ಲ, ಅದೇ ಒತ್ತಿಗೆ ಫ್ರೀವೀಲ್ ಬಿಚ್ಚಿಕೊಳ್ಳುತ್ತದೆ. ಟ್ರ್ಯಾಕ್ ಹಬ್‌ನಲ್ಲಿ ಇದನ್ನು ತಡೆಯಲು ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗ್ (ಬಿಗಿದು ಹಿಡಿಯುವ ಬಳೆ) ಇರುತ್ತದೆ. ಇಲ್ಲಿ ಥ್ರೆಡ್ಡನ್ನೆಲ್ಲ ದಪ್ಪ ಫ್ರೀವೀಲೇ ನುಂಗುವುದರಿಂದ ರಿಂಗ್ ಹಾಕಲು ಜಾಗವೂ ಇಲ್ಲ. ತೆಳು ಟ್ರ್ಯಾಕ್ ಕಾಗ್ (ಫ್ರೀ ತಿರುಗದ ಹಲ್ಲುಚಕ್ರ) ಸಿಕ್ಕರೆ ವೆಲ್ಡಿಂಗ್ ಬಿಟ್ಟು ಅದನ್ನೇ ಹಾಕಿ, ಥ್ರೆಡ್ ಲಾಕರ್ (ಥ್ರೆಡ್ ಹಿಡಿಸುವ ಅಂಟು) ಹಚ್ಚಿ, ಮೇಲೆ ಅದೇ ಥ್ರೆಡ್ಡಿನ, ಬಾಟಮ್ ಬ್ರಾಕೆಟ್ಟಿನ (ಪೆಡಲ್ ಅಚ್ಚು ಕೂರುವ ಜಾಗ) ಲಾಕ್‌ರಿಂಗ್ ಬಿಗಿಯಿರಿ. ವೆಲ್ಡಿಂಗಿಗಿಂತ ವಾಸಿ, ಜೋರಾಗಿ ಹಿಂದೊತ್ತಿದರೆ ಇದೂ ಬಿಡುತ್ತದೆ.

ಹಾಗಾಗಿ ಬ್ರೇಕ್ ಬಿಚ್ಚಿಟ್ಟು ಸ್ಟೈಲ್ ಮಾಡುವವರು ಈ ದಾರಿಗೆ ಬರಲೇಬೇಡಿ. ಮೊದಲು ಹಿಂದಿನ ಗಾಲಿ ಎಳೆದು ಚೈನ್ ಬಿಗಿ ಮಾಡಿ, ನಡುವೆ ಒತ್ತಿದರೆ ಅರ್ಧ ಇಂಚಿಗಿಂತ ಕಮ್ಮಿ ಆಡಬೇಕು. ಆಮೇಲೆ ರಾಡ್ ಬ್ರೇಕ್ ಹೊಂದಿಸಿ, ಯಾಕೆಂದರೆ ಗಾಲಿ ಸರಿದಂತೆ ಬ್ರೇಕ್ ರಬ್ಬರಿನ ಜಾಗವೂ ತಪ್ಪುತ್ತದೆ. ಕಾಟರ್ ಪಿನ್ (ಪೆಡಲಿನ ತೋಳನ್ನು ಅಚ್ಚಿಗೆ ಹಿಡಿಸುವ ಮೊಳೆ) ಹೊಸದು ಹಾಕಿಸಿ. ಮುಂದೆ ಹಿಂದೆ ಎರಡೂ ಕಡೆ ಒತ್ತು ಬೀಳುವುದರಿಂದ ಹಳೆ ಪಿನ್ ಬೇಗ ಸಡಿಲಾಗಿ, ಪ್ರತಿ ಸುತ್ತಿಗೂ ಕಟಕ್ ಎನ್ನುತ್ತದೆ.

ಮುಂದೆ 44, ಹಿಂದೆ 18 ಹಲ್ಲು, 28 ಇಂಚಿನ ಗಾಲಿ ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ವಿಜಯಪುರದ ಸಪಾಟು ರಸ್ತೆಗೆ ಹೇಳಿ ಮಾಡಿಸಿದಂತಿದೆ. ಇಳಿಜಾರಿನಲ್ಲಿ ಗಂಟೆಗೆ 40 ಕಿ.ಮೀ. ಮುಟ್ಟಿದರೆ ನಿಮಿಷಕ್ಕೆ 120ಕ್ಕೂ ಹೆಚ್ಚು ಸುತ್ತು ಕಾಲು ತಿರುಗಬೇಕು. ಬೆಳಗಾವಿಯ ಏರಿಳಿತ, ಮಳೆಯಲ್ಲಿ ತೊಯ್ದ ಸ್ಟೀಲ್ ರಿಮ್, ವೆಲ್ಡ್ ಫ್ರೀವೀಲ್ ಮೂರೂ ಸೇರಿದರೆ ದೇವರೇ ಗತಿ.

ದುಡ್ಡು ಕೂಡಿದಾಗ ಟ್ರ್ಯಾಕ್ ಹಬ್‌ಗೇ ಹಾಕಿ. ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ: ಹಳೆ ಹಿಂದಿನ ರಿಮ್ ಬಹುತೇಕ 40 ತೂತಿನದು, ಟ್ರ್ಯಾಕ್ ಹಬ್ ಸಿಗುವುದು 32 ಅಥವಾ 36ರಲ್ಲಿ. ಅಂದರೆ ರಿಮ್, ಕಡ್ಡಿಯೂ ಹೊಸದು. ಹಬ್ 120 ಮಿ.ಮೀ. ಅಗಲ, ಹಳೆ ಫ್ರೇಮನ್ನು ಸ್ವಲ್ಪ ಅಗಲಿಸಬೇಕಾದೀತು.

ಚೈನ್ ಕವರ್ ತೆಗೆಯಬೇಡಿ. ಧೋತರದ ಚುಂಗು ಸಿಕ್ಕರೆ ಪೆಡಲ್ ನಿಲ್ಲುವುದಿಲ್ಲ. ಸ್ಟ್ಯಾಂಡ್ ಹಾಕಿ ಗಾಲಿ ತಿರುಗಿಸುತ್ತ ಬಟ್ಟೆಯಿಂದ ಚೈನ್ ಒರೆಸುವ ರೂಢಿಯನ್ನು ಇವತ್ತೇ ಬಿಡಿ, ಬೆರಳೇ ಹೋದೀತು.