ಬಾಟಲಿಯ ಜೊಲ್ಲು: ರಾತ್ರಿಗೆ ಸೈ, ರೊಟ್ಟಿಗೆ ಅಲ್ಲ

ನರದ ನೋವಿಗೆಂದು ಅಮಿಟ್ರಿಪ್ಟಿಲಿನ್ ಮಾತ್ರೆ ಶುರುವಾದ ಮೇಲೆ ನನ್ನ ಬಾಯಿ ಬತ್ತಿಹೋಯಿತು. ಜೊಲ್ಲಿನ ಗ್ರಂಥಿಗಳಿಗೆ ನರಗಳಿಂದ ಬರುವ ಅಪ್ಪಣೆಯನ್ನೇ ಈ ಮಾತ್ರೆ ತಡೆಯುತ್ತದೆ. ಅಲರ್ಜಿಯ ಕೆಲವು ಮಾತ್ರೆಗಳದ್ದೂ ಇದೇ ಕಥೆ. ನೋವು ತಗ್ಗಿರುವುದರಿಂದ ಬಿಡುವ ಹಾಗಿಲ್ಲ. ಹಲ್ಲಿನ ಡಾಕ್ಟರು ಕೃತಕ ಜೊಲ್ಲಿನ ಸ್ಪ್ರೇ ಬರೆದುಕೊಟ್ಟರು. ಹುಬ್ಬಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿನ ಹುಡುಗ, "ಅಮ್ಮಾರ, ಜೊಲ್ಲೂ ಮಾರ್ತಾರೇನ್ರೀ?" ಅಂತ ನಕ್ಕು, ಆಮೇಲೆ ಒಳಗಿನ ಕಪಾಟಿನಿಂದ ಅವನೇ ಹುಡುಕಿ ತಂದ.

ಒಳಗಿರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅಂಟು ಪದಾರ್ಥ, ಸಾರ್ಬಿಟಾಲ್, ಒಂದಿಷ್ಟು ಲವಣ, ಪುದೀನ ವಾಸನೆ. ಕಣ್ಣು ಒಣಗುವವರು ಹಾಕಿಕೊಳ್ಳುವ ಎಷ್ಟೋ ಹನಿಗಳಲ್ಲೂ ಇದೇ ಅಂಟು ಇರುತ್ತದೆ. ಬೆಲೆ ಇನ್ನೂರರ ಮೇಲೆ ಚಿಲ್ಲರೆ, ಬಾಟಲಿ ಅಂಗೈಯಷ್ಟು. ದೊಡ್ಡವರ ಬಾಯಲ್ಲಿ ದಿನಕ್ಕೆ ಅರ್ಧದಿಂದ 1.5 ಲೀಟರ್‌ವರೆಗೆ ಬಿಟ್ಟಿ ಬರುವ ಸರಕು ಇದು, ನೋಡಿ.

ರಾತ್ರಿಗೆ ಇದು ನಿಜಕ್ಕೂ ಉಪಕಾರಿ. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲು ತೀರಾ ಕಡಿಮೆಯಾಗುತ್ತದೆ. ನನ್ನಂಥವರಿಗೆ ನಾಲಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ. ಕೆನ್ನೆಯ ಒಳಗೆ ಎರಡು ಸಲ ಒತ್ತಿದರೆ ತಾಸೊಪ್ಪತ್ತು ಹಾಯಾಗಿರುತ್ತದೆ, ಅಷ್ಟರಲ್ಲಿ ನಿದ್ದೆ ಹತ್ತಿರುತ್ತದೆ. ಬರೀ ನೀರು ಕುಡಿದರೆ ಐದು ನಿಮಿಷಕ್ಕೆ ಮತ್ತೆ ಒಣಗುತ್ತದೆ, ಮೇಲಾಗಿ ಬಚ್ಚಲಿಗೆ ಓಡಾಟ. ಭಜನೆಗೆ ಕೂರುವ ಮುಂಚೆಯೂ ಒಮ್ಮೆ ಒತ್ತಿಕೊಳ್ಳುತ್ತೇನೆ. ದಾಸರ ಪದ ಹೇಳುವಾಗ ತುಟಿ ಹಲ್ಲಿಗೆ ಅಂಟುವುದಿಲ್ಲ.

ಊಟಕ್ಕೆ ಮಾತ್ರ ದಂಡ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಂಡು ನೋಡಿದೆ. ಅಗಿಯುತ್ತ ಹೋದಂತೆ ಬಾಯಲ್ಲಿ ತಾನಾಗಿ ಊರಬೇಕಲ್ಲ, ಅದು ಬಾಟಲಿಯಿಂದ ಆಗುವ ಕೆಲಸವಲ್ಲ. ಉಪ್ಪು, ಖಾರ ಕರಗದೆ ನಾಲಗೆಗೆ ರುಚಿಯೇ ಹತ್ತುವುದಿಲ್ಲ. ಚಟ್ನಿಪುಡಿ ಮರಳಿನಂತೆ ಉಳಿಯಿತು, ಅದರ ಮೇಲೆ ಪುದೀನ ಬೇರೆ! ರೊಟ್ಟಿಯನ್ನು ತುಸು ಹೊತ್ತು ಅಗಿದರೆ ಸಿಹಿಯಾಗುತ್ತದಲ್ಲ, ಹಿಟ್ಟನ್ನು ಸಕ್ಕರೆಯಾಗಿ ಒಡೆಯುವ ಆ ಅಮೈಲೇಸ್ ಕೂಡ ಇದರಲ್ಲಿಲ್ಲ. ಈಗ ರೊಟ್ಟಿಯನ್ನು ಸಾರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿಯೇ ಉಣ್ಣುವುದು.

ಹಲ್ಲಿನ ವಿಷಯಕ್ಕೂ ಇದನ್ನೊಂದೇ ನಂಬಬೇಡಿ. ಅಸಲಿ ಜೊಲ್ಲಿನ ಬೈಕಾರ್ಬೊನೇಟ್ ಹುಳಿಯನ್ನು ಮುರಿಯುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸವೆದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ತುಂಬುತ್ತವೆ, ಲೈಸೋಜೈಮ್ ಕ್ರಿಮಿಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ಅದಕ್ಕೇ ಡಾಕ್ಟರು ಫ್ಲೋರೈಡ್ ಪೇಸ್ಟು ತಪ್ಪಿಸಬೇಡಿ ಎಂದಿದ್ದು. ಪಕ್ಕದ ಮನೆಯ ವೈನಿ ನಿಂಬೆಹೋಳು ಚೀಪು ಅಂತ ಒತ್ತಾಯ ಮಾಡುತ್ತಾರೆ. ಜೊಲ್ಲೇನೋ ಬರುತ್ತದೆ, ಒಣಬಾಯಲ್ಲಿ ಹಲ್ಲಿನ ಗತಿ? ಗ್ರಂಥಿಗಳಲ್ಲಿ ಇನ್ನೂ ಜೀವವಿದ್ದರೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮು ಅಗಿಯುವುದು ಅಗ್ಗ, ಬರುವುದೂ ನಿಮ್ಮದೇ ಜೊಲ್ಲು. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಶನ್ ಆಗಿ ಗ್ರಂಥಿಗಳೇ ಬಾಡಿದವರ ಕಷ್ಟ ಬೇರೆ. ಅವರಿಗೆ ಇಂಥ ಸ್ಪ್ರೇ ಹಗಲೂ ಬೇಕಾದೀತು. ಜೊಲ್ಲು ಊರಿಸುವ ಪೈಲೋಕಾರ್ಪಿನ್ ಮಾತ್ರೆಯ ಬಗ್ಗೆಯೂ ತಮ್ಮ ಡಾಕ್ಟರನ್ನು ಕೇಳಲಿ.

ಐದಕ್ಕೆ ಮೂರು ನಕ್ಷತ್ರ. ಒಂದು ಕಡಿದದ್ದು ಊಟಕ್ಕೆ ಆಗದ್ದಕ್ಕೆ, ಇನ್ನೊಂದು ಬಾಟಲಿಯ ಆ ಮೂತಿಗೆ: ಅಂಟು ಒಣಗಿ ಕಟ್ಟಿಕೊಳ್ಳುತ್ತದೆ, ಆಗಾಗ ಬಿಸಿನೀರಲ್ಲಿ ಅದ್ದಿ ತೊಳೆಯಬೇಕು.