ತಾಲೂಕು ಆಸ್ಪತ್ರೆಯ ಉಚಿತ ಡಯಾಲಿಸಿಸ್ ಘಟಕ: ಹದಿನಾಲ್ಕು ತಿಂಗಳ ಅನುಭವ

ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಸೋದರಮಾವನವರ ಎರಡೂ ಮೂತ್ರಪಿಂಡಗಳು ಕೆಟ್ಟ ಮೇಲೆ, ಹದಿನಾಲ್ಕು ತಿಂಗಳಿಂದ ವಾರಕ್ಕೆ ಎರಡು ಸಲ ಈ ಘಟಕಕ್ಕೆ ಹೋಗಿ ಬರುತ್ತಿದ್ದಾರೆ. ಜೊತೆಗೆ ಅತ್ತೆ ಹೋಗುತ್ತಾರೆ, ಅವರಿಗೆ ಆಗದ ದಿನ ನಾನು ಹೋಗುತ್ತೇನೆ.

ಮೊದಲು ಚಿಕಿತ್ಸೆಯ ಗುಣಮಟ್ಟವನ್ನು ಹೇಳಬೇಕು, ಏಕೆಂದರೆ ಉಚಿತವೆಂದರೆ ಕಳಪೆ ಎಂಬ ಅನುಮಾನ ನಮಗೂ ಇತ್ತು. ಒಂದು ಡಯಾಲಿಸಿಸ್‌ಗೆ ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಯಂತ್ರದ ಮೂಲಕ ರಕ್ತದ ಕಲ್ಮಶ ಹೊರತೆಗೆಯುವ ಸುಮಾರು 120 ಲೀಟರ್ ಶುದ್ಧ ದ್ರಾವಣ ಹರಿಯುತ್ತದೆ. ಇಲ್ಲಿ ನಾಲ್ಕು ಗಂಟೆಯೆಂದರೆ ಪೂರ್ತಿ ನಾಲ್ಕು ಗಂಟೆಯೇ. ಹೆಪಟೈಟಿಸ್ ಸೋಂಕಿರುವವರಿಗೆ ಪ್ರತ್ಯೇಕ ಯಂತ್ರವಿದೆ. ಪ್ರತಿ ಸಲ ತೂಕ ನೋಡಿ, ರಕ್ತದೊತ್ತಡ ಬರೆದುಕೊಂಡೇ ಶುರುಮಾಡುತ್ತಾರೆ. ಜ್ವರ ಬಂದರೆ ಎಳನೀರು ಕುಡಿಸುವ ನಮ್ಮ ಮನೆಯ ರೂಢಿ ಇಂಥ ರೋಗಿಯ ಹೃದಯಕ್ಕೇ ಅಪಾಯವೆಂದು, ಅದರಲ್ಲಿರುವ ಪೊಟ್ಯಾಸಿಯಂ ವಿಷಯವನ್ನು ಅತ್ತೆಗೆ ಅರ್ಥವಾಗುವಂತೆ ಕೂರಿಸಿ ಹೇಳಿದವರು ಇಲ್ಲಿನ ಸಿಸ್ಟರ್. ಆ ತಾಳ್ಮೆಯನ್ನು ಮರೆಯಲಾರೆ.

2016ರಲ್ಲಿ ಘೋಷಣೆಯಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಪ್ರಕಾರ ಬಿಪಿಎಲ್ ಕುಟುಂಬಗಳಿಗೆ ಈ ಸೇವೆಗೆ ಶುಲ್ಕವಿಲ್ಲ. ನಾವು ಮೊದಲು ಹೋಗಿದ್ದ ಖಾಸಗಿ ಆಸ್ಪತ್ರೆಯಲ್ಲಿ ಒಂದು ಸಲಕ್ಕೆ 1,800 ರೂಪಾಯಿ ಕಟ್ಟುತ್ತಿದ್ದೆವು. ಎರಡು ತಿಂಗಳಲ್ಲಿ ಅತ್ತೆಯ ಓಲೆ ಗಿರವಿಗೆ ಹೋಯಿತು. ಈ ಘಟಕವಿಲ್ಲದಿದ್ದರೆ ಮಾವ ಇಂದು ಇರುತ್ತಿರಲಿಲ್ಲ.

ಆದರೂ ಬಾಗಿಲಿನ ಒಳಗೆ ಸಿಗುವ ಸಮಾನತೆ ಬಾಗಿಲಿನ ಹೊರಗಿಲ್ಲ. ಊರಿನಿಂದ ಇಲ್ಲಿಗೆ 28 ಕಿಲೋಮೀಟರ್. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಅತ್ತೆಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ರೋಗಿಯಾದ ಮಾವನಿಗೆ ಇದೆ. ಅದಕ್ಕಿಂತ ದೊಡ್ಡ ನಷ್ಟ ಕೂಲಿಯದು. ಉದ್ಯೋಗ ಖಾತ್ರಿಯ 2024-25ರ ದರವಾದ 349 ರೂಪಾಯಿಯಲ್ಲೇ ಲೆಕ್ಕ ಹಾಕಿದರೂ, ತಿಂಗಳಿಗೆ ಎಂಟು ದಿನ ಆಸ್ಪತ್ರೆಯಲ್ಲಿ ಕೂರುವ ಅತ್ತೆ 2,792 ರೂಪಾಯಿ ಕಳೆದುಕೊಳ್ಳುತ್ತಾರೆ. ದುಡಿಯುತ್ತಿದ್ದ ಇನ್ನೊಬ್ಬರು ಮಂಚ ಹಿಡಿದಿರುವ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ ದಾಸ್ತಾನಿಲ್ಲದ ವಾರಗಳಲ್ಲಿ ಹೊರಗೆ ಕೊಳ್ಳಬೇಕಾಯಿತು. ವಾರಕ್ಕೆ ಮೂರು ಸಲ ಮಾಡಿಸಬೇಕೆಂಬುದು ವೈದ್ಯಕೀಯ ವಾಡಿಕೆಯಾದರೂ, ಯಂತ್ರಗಳು ಸಾಲದೆ ಇಲ್ಲಿ ಎಲ್ಲರಿಗೂ ಎರಡೇ ಸಲ. ಮೂರನೆಯದಕ್ಕೆ ಕೈಯಲ್ಲಿ ಹಣವಿದ್ದವರು ಪಟ್ಟಣಕ್ಕೆ ಹೋಗುತ್ತಾರೆ, ಉಳಿದವರು ಕಾಲು ಊದಿಸಿಕೊಂಡು ಮುಂದಿನ ಸರದಿ ಕಾಯುತ್ತಾರೆ.

ಈ ಘಟಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರೋಗಿಗಳ ಕುತ್ತಿಗೆ. ಕಾಯಿಲೆ ಮೊದಲೇ ಗೊತ್ತಾದವರಿಗೆ ಡಯಾಲಿಸಿಸ್ ಆರಂಭವಾಗುವ ತಿಂಗಳುಗಳ ಮೊದಲೇ ತೋಳಿನ ಎರಡು ರಕ್ತನಾಳಗಳನ್ನು ಜೋಡಿಸಿ, ಸೂಜಿ ಚುಚ್ಚಿ ರಕ್ತ ತೆಗೆಯಲು ಅನುಕೂಲವಾಗುವ ಫಿಸ್ಟುಲಾ ಮಾಡಿರುತ್ತಾರೆ. ಉಸಿರು ಕಟ್ಟಿದ ಮೇಲಷ್ಟೇ ಆಸ್ಪತ್ರೆ ಕಂಡವರಿಗೆ ಕುತ್ತಿಗೆಯಲ್ಲಿ ಕೊಳವೆ ಹಾಕಬೇಕಾಗುತ್ತದೆ, ಅದರಿಂದ ಸೋಂಕಿನ ಭಯವೂ ಹೆಚ್ಚು. ನಾನು ಕಂಡಂತೆ ಇಲ್ಲಿಗೆ ಹೊಸದಾಗಿ ಬಂದ ಕೂಲಿಕಾರರಲ್ಲಿ ಹೆಚ್ಚಿನವರದು ಕೊಳವೆ, ಸಂಬಳದ ನೌಕರಿಯಲ್ಲಿದ್ದ ಇಬ್ಬರದು ಫಿಸ್ಟುಲಾ. ಮಾವನದೂ ಕೊಳವೆಯೇ ಆಗಿತ್ತು. ಬೆನ್ನುನೋವಿಗೆಂದು ಹತ್ತು ವರ್ಷ ಅಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ಹೋದವರು ಅವರು. ಒಂದು ದಿನವೂ ಬಿಪಿ ನೋಡಿಸಿದವರಲ್ಲ, ನೋಡಿಸಲು ಬಿಡುವಿನ ದಿನವೂ ಇರಲಿಲ್ಲ.

ಆದ್ದರಿಂದ ಸಿಬ್ಬಂದಿಗೆ ಐದಕ್ಕೆ ಐದು, ವ್ಯವಸ್ಥೆಗೆ ಮೂರು ಅಂಕ ಕೊಡುತ್ತೇನೆ. ರಾತ್ರಿ ಪಾಳಿಯೊಂದನ್ನು ಆರಂಭಿಸಿದರೆ ಇರುವ ಯಂತ್ರಗಳಲ್ಲೇ ಮೂರನೆಯ ಸರದಿ ಸಾಧ್ಯವಾಗುತ್ತದೆ, ಜೊತೆಗೆ ಬರುವವರ ಹಗಲಿನ ಕೂಲಿಯೂ ಉಳಿಯುತ್ತದೆ. ಹೊಸದಾಗಿ ಬರುವವರು ಪಡಿತರ ಚೀಟಿ, ಆಧಾರ್, ಎಚ್‌ಐವಿ ಹಾಗೂ ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳ ವರದಿಗಳನ್ನು ತಪ್ಪದೆ ತರಬೇಕು. ಫಿಸ್ಟುಲಾ ಶಸ್ತ್ರಚಿಕಿತ್ಸೆ ಇಲ್ಲಿ ಆಗುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಚೀಟಿಯನ್ನು ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ.