'ದಬ್ಬೆ'ಯೋ, 'ಫ್ಲೋ ಬಿಲ್ಡರ್'ರೋ?

ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾದ) ಟೂಲ್‌ಗೆ ಹೆಸರು ಹುಡುಕುತ್ತಿರುವ ಸಾಗರದ ಗೆಳೆಯರು ಈ ಎರಡರಲ್ಲಿ ಯಾವುದು ಅಂತ ಕೇಳಿದ್ದಾರೆ.

ಅರ್ಥದ ಮಟ್ಟಿಗೆ ನನಗೆ 'ದಬ್ಬೆ' ಇಷ್ಟ. ದಬ್ಬೆ ಅಂದರೆ ಸೀಳಿದ ಅಡಿಕೆ ಮರ; ಅವನ್ನು ಒಂದಕ್ಕೊಂದು ತಾಗಿಸಿ ಅಬ್ಬಿ ನೀರು ಮನೆಗೆ ತಂದವರಿಗೆ ಡೇಟಾ ಹರಿವು ವಿವರಿಸಬೇಕಿಲ್ಲ. ಹೊರಗಿನವರಿಗೆ ಅದು 'ಡಬ್ಬ' ಅಂತ ಕೇಳಿಸೀತು, ಹುಷಾರು. ಇದು ಬರೀ ತಮಾಷೆಯಲ್ಲ: ಇಂಥದ್ದೇ ಬ್ಲಾಕ್ ಟೂಲ್ ಆದ ಈಗಿನ 'ಸ್ನ್ಯಾಪ್' ಮೊದಲು 'ಬಿವೈಒಬಿ' (ಬಿಲ್ಡ್ ಯುವರ್ ಓನ್ ಬ್ಲಾಕ್ಸ್) ಆಗಿತ್ತು. ಪಾರ್ಟಿಗೆ ಬಾಟಲಿ ನೀವೇ ತನ್ನಿ ಎಂಬುದಕ್ಕೂ ಅದೇ ಅಕ್ಷರಗಳು, ಮೇಷ್ಟ್ರುಗಳಿಗೆ ಹಿಡಿಸಲಿಲ್ಲ.

ಇಂಟರ್ನೆಟ್ ಹುಡುಕಾಟದಲ್ಲಿ 'ಫ್ಲೋ ಬಿಲ್ಡರ್' ಸಂತೆಯಲ್ಲಿ ಕಳೆದ ಮಗು. 2007ರಲ್ಲಿ ಬಂದ, ಮಕ್ಕಳ ಬ್ಲಾಕ್ ಟೂಲ್ 'ಸ್ಕ್ರ್ಯಾಚ್' ಸಾಮಾನ್ಯ ಪದವಾದರೂ ಗೆದ್ದಿತು, ಆದರೆ ಅದರ ಬೆನ್ನಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಇತ್ತು. ಬರೀ ಕೆಲಸ ಹೇಳುವ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದೂ ಕಷ್ಟ. ಕೋಡ್ ಮುಕ್ತವಾದರೆ ಹೆಸರೂ ಮುಕ್ತ ಅಂದುಕೊಳ್ಳಬೇಡಿ. ಓಪನ್ ಸೋರ್ಸ್ ಕೋಡ್ ಬಳಕೆಗೆ ಅನುಮತಿ ಕೊಡುವ ಅಪಾಚೆ ಲೈಸೆನ್ಸ್ ಹೆಸರಿನ ಹಕ್ಕು ಕೊಡುವುದಿಲ್ಲ.

ಪ್ರಚಾರದ ಖರ್ಚು? 'ಫ್ಲೋ ಬಿಲ್ಡರ್'ಗೆ ಕಡಿಮೆ, ಹೆಸರೇ ಜಾಹೀರಾತು. 'ದಬ್ಬೆ'ಗೆ ಒಂದು ಸಾಲಿನ ವಿವರಣೆ, ಅರ್ಧ ನಿಮಿಷದ ವಿಡಿಯೊ ಬೇಕು.

ಶಿವಮೊಗ್ಗದ ಶಾಲೆಗಳಿಗೆ, ದೀರ್ಘಕಾಲದ ಗುರುತಿಗೆ 'ದಬ್ಬೆ'. ಕಂಪನಿಯೊಳಗಿನ ಬಳಕೆಗೆ, ಬೇಗ ಅರ್ಥವಾಗಬೇಕಾದಲ್ಲಿ ಇನ್ನೊಂದು. ಯಾವುದಾದರೂ ಸರಿ, ಜಾವಾಸ್ಕ್ರಿಪ್ಟ್ ಕೋಡ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಲ್ಲಿ ಆ ಹೆಸರು ಖಾಲಿ ಇದೆಯಾ ಅಂತ ಇವತ್ತೇ ನೋಡಿ.